ಹಸಿರು ಚುಕ್ಕೆ

ಒಣಸಿಗಡಿಯ ತಲೆ ಚಿವುಟಿ, ಬಾಲ ಚಿವುಟಿ, ನಡುವಿನ ತುಂಡನ್ನು ಮೊರಕ್ಕೆ ಹಾಕುವ ಕೆಲಸ ಅರ್ಧ ಮುಗಿದಿತ್ತು. ಎದುರಿಗೆ ಅತ್ತೆ ಮಾದೇವಿ ಕಾಲು ನೀಡಿ ಕೂತು ಅದೇ ಕೆಲಸ ಮಾಡುತ್ತಿದ್ದಳು. ಕಡಲು ಮುಚ್ಚಿದ ಮಳೆಗಾಲದಲ್ಲಿ ಹಸಿಮೀನು ಎಲ್ಲಿಂದ ಬರಬೇಕು?

"ಎಂತಾ ಗೇ ಮನಿಷಾ, ತಲೆಯನ್ನ ಮೊರಕ್ಕೆ ಹಾಕ್ತಾ ಇದ್ದೆ, ಮೈಯನ್ನ ಕಸಕ್ಕೆ ಹಾಕ್ತಾ ಇದ್ದೆ. ಯಾವ ಲೋಕದಲ್ಲಿದ್ದೆ ನೀನು?"

ಮನಿಷಾ ಬಗ್ಗಿ ನೋಡಿದಳು. ನಿಜವೇ. ನಗೋಣವೆಂದರೆ ನಗು ಬರಲಿಲ್ಲ. ಅಷ್ಟರಲ್ಲಿ ಮಗ್ಗುಲಲ್ಲಿಟ್ಟ ಮೊಬೈಲು ಹೊಡೆದುಕೊಂಡಿತು. ಕಾರವಾರದ ರಾಜೀವಣ್ಣ. ಕೈಯನ್ನು ಸೆರಗಿಗೆ ಒರೆಸಿಕೊಂಡು ಜಗಲಿಯ ತುದಿಗೆ ಹೋದಳು.

"ಏನಮ್ಮಾ, ನಿನ್ನ ಕಾಗದ ಹೊರಟಿತೋ, ಇಲ್ಲ ಇನ್ನೂ ಪೆನ್ನು ಹುಡುಕ್ತಾ ಇದ್ದೀಯೋ?"

"ಈ ವಾರ ಖಂಡಿತ, ರಾಜೀವಣ್ಣ."

"ಹೋದ ತಿಂಗಳೂ ಇದೇ 'ಈ ವಾರ' ಇತ್ತು. ಹದಿನಾಲ್ಕು ಸಂಘದ ಸಿಡಿ ಮಾಡಬೇಕು ನಾನು. ನೂಲಹುಣ್ಣಿಮೆ ಮುಗಿದು ದೋಣಿ ಇಳಿಯೋದರೊಳಗೆ ಎಲ್ಲ ಕಂಪ್ಯೂಟರಿಗೂ ಹಾಕಿ ಆಗಬೇಕು. ಜಾಣನೇ ಇರಲಿ ಅಂತ ನೀನು ಬಾಯಲ್ಲಿ ಹೇಳಿದ್ದೀ, ನನಗೆ ಅಷ್ಟು ಸಾಕು. ಒಕ್ಕೂಟದವರಿಗೆ ಮಾತ್ರ ಸಹಿ ಬೇಕು, ಸಿಕ್ಕಾ ಬೇಕು."

"ಹೂಂ," ಅಂದಳು ಮನಿಷಾ.

ಈ ಜಾಣ ಯಾರು ಅಂತ ಮೊದಲು ಹೇಳಿಬಿಡಬೇಕು. ಅವನು ಮನುಷ್ಯನಲ್ಲ.

ಅದು ಎರಡು ಸಾವಿರದ ಎಂಟನೆಯ ಇಸವಿ. ಕಾರವಾರ, ಅಂಕೋಲಾ ಎರಡು ತಾಲೂಕಿನ ಮೀನುಗಾರರ ಸಂಘಗಳಿಗೆ ಒಕ್ಕೂಟದವರು ಒಂದೊಂದು ಕಂಪ್ಯೂಟರು ಕೊಟ್ಟಿದ್ದರು. ಅದರಲ್ಲಿ ಲಿನಕ್ಸ್ ಹಾಕಿಕೊಡುವ ಕೆಲಸ ರಾಜೀವಣ್ಣನದು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಬಿಚ್ಚಿ ನೋಡಲಾಗದ ಯಾವುದನ್ನೂ ನಂಬುವವನಲ್ಲ. ಲಿನಕ್ಸ್ ಅಂದರೆ ಬೇಕಾದವರು ಬಿಚ್ಚಿ ನೋಡಬಹುದಾದ ಕಂಪ್ಯೂಟರಿನ ಒಳಮನೆ, ಅದಕ್ಕೇ ಅವನಿಗೆ ಅದರ ಹುಚ್ಚು. ಸಂಘದ ಕೆಲಸಕ್ಕೆ ಏನೇನು ಬೇಕೋ ಅದನ್ನೆಲ್ಲ ಆರಿಸಿ, ಕನ್ನಡದಲ್ಲಿ ಹೆಸರು ಬರೆದು, ಒಂದೇ ಸಿಡಿಯಲ್ಲಿ ತುಂಬಿ ಕೊಡುತ್ತಿದ್ದ. ತುಂಬಿದ್ದರಲ್ಲಿ ಯಾವುದು ತಾನಾಗಿ ಏಳಬೇಕು ಅಂತ ಅವನು ಗೊತ್ತುಮಾಡುತ್ತಾನೋ ಅದಕ್ಕೆ ಡಿಫಾಲ್ಟ್ ಅನ್ನುತ್ತಿದ್ದ. "ಡಿಫಾಲ್ಟ್ ಅಂದರೆ ಸಣ್ಣ ಮಾತಲ್ಲ ಮನಿಷಾ," ಅನ್ನುತ್ತಿದ್ದ. "ಬದಲಿಸಬಹುದು ಅಂತ ನಾವು ಹೇಳ್ತೇವೆ. ಹದಿನಾಲ್ಕು ಊರಲ್ಲಿ ಒಬ್ಬನೂ ಬದಲಿಸೋದಿಲ್ಲ. ನಾವು ಇಟ್ಟದ್ದೇ ಅವರ ಹಣೆಬರಹ."

ಮನಿಷಾ ಬೊಬ್ರುವಾಡದ ಮನೆಯಿಂದ ದಿನಾ ಸೈಕಲ್ಲಿನಲ್ಲಿ ದೋಣಿ ನಿಲ್ಲುವ ಧಕ್ಕೆಗೆ ಹೋಗಿ ಅಲ್ಲಿಯ ಸಂಘದ ಕಚೇರಿ ನೋಡಿಕೊಳ್ಳುತ್ತಿದ್ದಳು. ಹವಾಮಾನದ ಸುದ್ದಿ ಫ್ಯಾಕ್ಸಿನಲ್ಲಿ ಬಂದ ಕೂಡಲೇ ಅದನ್ನು ತನ್ನ ದನಿಯಲ್ಲಿ ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡು ಮಾಡಿ, ಧಕ್ಕೆಗೆ ಬಂದ ದೋಣಿಯವರ ಮೊಬೈಲಿಗೆ ಬ್ಲೂಟೂತಿನಲ್ಲಿ ಕಳಿಸುವುದು ಅವಳ ಕೆಲಸ. ಮೊದಲು ಕೆಂಪು ಬಾವುಟ ಹಾರಿಸುವ ಕಂಬವೊಂದಿತ್ತು. ಮೊಬೈಲು ಬಂದ ಮೇಲೆ ಅದನ್ನು ಬುಡಕ್ಕೆ ಕೊಯ್ದು ಐಸ್ ಫ್ಯಾಕ್ಟರಿಯ ಮಾಡಿಗೆ ಆಧಾರ ಕೊಟ್ಟಿದ್ದರು.

ಕಳಿಸುವುದಕ್ಕೆ ಎರಡು ಸಾಫ್ಟ್‌ವೇರು. ಎರಡನ್ನೂ ಮೇ ತಿಂಗಳಿಡೀ ಬಳಸಿ ನೋಡಿ ಯಾವುದು ಡಿಫಾಲ್ಟ್ ಆಗಬೇಕು ಅಂತ ಬರೆದು ಕಳಿಸು, ಅಂದಿದ್ದ ರಾಜೀವಣ್ಣ. ಮೊದಲನೆಯದು ಪ್ರತಿಸಲವೂ ಕೇಳುತ್ತಿತ್ತು. ಮೊಬೈಲಿನವನು ಗುಂಡಿ ಒತ್ತಿ ಹೂಂ ಅನ್ನಬೇಕು. ಕೊನೆಯ ತುಣುಕು ಮುಟ್ಟಿದ ಮೇಲೇ ಅವನ ಹೆಸರಿನ ಎದುರು ಹಸಿರು ಚುಕ್ಕೆ, ಅಲ್ಲಿವರೆಗೆ ಕೆಂಪು. ದೋಣಿಯವರ ಕೈಯೋ ಮೀನಿನ ಲೋಳೆ, ಮೊಬೈಲಿಗೋ ಪ್ಲಾಸ್ಟಿಕ್ ಕೊಟ್ಟೆ, ಅದರ ಮೇಲೆ ರಬ್ಬರು. ಯಾರು ಗುಂಡಿ ಒತ್ತಬೇಕು?

"ಎಂತಾ ಇದು, ನಮ್ಮ ಅಜ್ಜಿ ಹಾಂಗೆ! ಎಲ್ಲಿ ಹೋತೆ, ಯಾರ ಸಂಗಡ ಹೋತೆ, ಉಂಡ್ಯಾ, ಮಿಂದ್ಯಾ," ಅಂದಿದ್ದ ಮೈದುನ ಜಟ್ಟು. ಅವತ್ತಿನಿಂದ ಅದರ ಹೆಸರು ಅಜ್ಜಿ ಅಂತಲೇ ಆಯಿತು.

ಎರಡನೆಯದು ಏನೂ ಕೇಳುತ್ತಿರಲಿಲ್ಲ. ಒಂದು ಸಲ ಗುರುತು ಹಿಡಿದ ಮೊಬೈಲು ಧಕ್ಕೆಯ ಹತ್ತಿರ ಬಂದರೆ ಸಾಕು, ತಾನಾಗಿ ಕಳಿಸುತ್ತಿತ್ತು. ಕಿಸೆಯಲ್ಲಿ ಮೊಬೈಲು ಒಮ್ಮೆ ನಡುಗುತ್ತಿತ್ತು, ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆ ಬೀಳುತ್ತಿತ್ತು, ಅಷ್ಟೇ. ಅದೇ ಜಾಣ. ಮನಿಷಾಳಿಗೂ ಕೈಗೆ ಬಿಡುವು. ನಾಲ್ಕೇ ದಿನ ನೋಡಿ ರಾಜೀವಣ್ಣನಿಗೆ ಫೋನು ಮಾಡಿ, ಜಾಣನೇ ಇರಲಿ, ಕಾಗದ ಆಮೇಲೆ ಬರೀತೇನೆ ಅಂದುಬಿಟ್ಟಳು.

ಜಟ್ಟು ಅವಳ ಗಂಡ ದೇವಿದಾಸನ ತಮ್ಮ. ಆರು ಜನರ ದೋಣಿಗೆ ತಾಂಡೇಲ. ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಎಲ್ಲ ತಾಂಡೇಲನ ಮಾತು. ಅವನು ಎರಡು ವಾರ ಕಾರವಾರದ ಕಡೆ ದುಡಿದು, ಮೇ ಕೊನೆಯ ವಾರ ಒಂದು ಮಧ್ಯಾಹ್ನ ಐಸಿಗೆಂದು ಧಕ್ಕೆಗೆ ಬಂದ. ಕಾಲು ಗಂಟೆ ನಿಂತಿರಲಿಕ್ಕಿಲ್ಲ. ಬೇರೆ ದೋಣಿಗಳೆಲ್ಲ ಹಳ್ಳದ ಒಳಗೆ ಕಟ್ಟಿಕೊಂಡಿದ್ದವು. ಅವತ್ತಿನ ಸುದ್ದಿ ಕೆಟ್ಟದಿತ್ತು. 'ಹೋಗಬೇಡಿ' ಅಂತ ಮನಿಷಾ ಎರಡು ಸಲ ಹೇಳಿ ರೆಕಾರ್ಡು ಮಾಡಿದ್ದಳು. ಕಂಪ್ಯೂಟರಿನಲ್ಲಿ ಜಟ್ಟುವಿನ ಹೆಸರಿನ ಎದುರು ಹಸಿರು ಚುಕ್ಕೆ ಬಂತು. ತಲುಪಿತಲ್ಲ ಅಂತ ಅವಳು ಊಟದ ಡಬ್ಬಿ ಬಿಚ್ಚಿದಳು. ಕಿಟಕಿಯಲ್ಲಿ ನೋಡಿದರೆ ಅವನ ದೋಣಿ ಅಳಿವೆಯ ಕಡೆ ತಿರುಗಿತ್ತು. ಹಳ್ಳದೊಳಕ್ಕೆ ಹೋಗುತ್ತಾನೆ, ಸುತ್ತು ಹಾಕುತ್ತಿದ್ದಾನೆ ಅಂದುಕೊಂಡಳು.

ದೋಣಿ ಮಾರನೆಯ ಸಂಜೆ ಬಂತು, ಇನ್ನೊಂದು ದೋಣಿ ಎಳೆದುಕೊಂಡು. ಬಲೆ ಹೋಗಿತ್ತು. ಅದೇ ದೋಣಿಯ ಆಳು ಕದ್ವಾಡದ ಬೀರುವಿನ ಎಡಗೈ ಹಗ್ಗಕ್ಕೂ ರಾಟೆಗೂ ನಡುವೆ ಸಿಕ್ಕಿ, ಮಣಿಕಟ್ಟಿನ ಕೆಳಗೆ ಏನೂ ಉಳಿದಿರಲಿಲ್ಲ.

ಸಂಘದ ಸಭೆ ಕೂತಿತು. "ಸುದ್ದಿ ತಲುಪಿದ ಪಟ್ಟಿ ಇಲ್ಲೇ ಉಂಟು," ಅಂದರು ಅಧ್ಯಕ್ಷರು. ಪಟ್ಟಿಯ ಕೆಳಗೆ ಮನಿಷಾಳದೇ ಸಹಿ.

"ನಾನು ಕೇಳಿದೆ," ಅಂದ ಜಟ್ಟು. "ಅಳಿವೆಯಲ್ಲಿ ಕೇಳಿದೆ. ಕಡಲು ಶಾಂತ ಅಂತಲೇ ಇತ್ತು."

"ಊರಿಗೆಲ್ಲ ಬಿರುಗಾಳಿ, ನಿನಗೊಬ್ಬನಿಗೆ ಶಾಂತವೋ? ಮೊಬೈಲು ನಿನಗೆ ಬೇರೆ ಕಡಲು ತೋರಿಸ್ತದೋ?" ಅಂದರು ಯಾರೋ. ಎಲ್ಲರೂ ನಕ್ಕರು. ಬೀರುವಿನ ಅಕ್ಕ ಮಾತ್ರ ನಗದೆ ಜಟ್ಟುವನ್ನೇ ನೋಡುತ್ತ ನಿಂತಿದ್ದಳು. ದೀಪಾವಳಿಯವರೆಗೆ ಜಟ್ಟು ತಾಂಡೇಲನಾಗಿ ಹೋಗಕೂಡದು ಅಂತ ಬರೆದರು. ಬರೆಯದಿದ್ದರೂ ನಡೆಯುತ್ತಿತ್ತು, ಗಾಳಿಯ ಮಾತು ಮೀರುವವನ ದೋಣಿ ಯಾರು ಹತ್ತುತ್ತಾರೆ?

ಮನಿಷಾಳೂ ಅದನ್ನೇ ನಂಬಿದ್ದಳು. ಮೈದುನ ಸೊಕ್ಕಿನಿಂದ ಹೋಗಿ ಈಗ ಸುಳ್ಳು ಹೇಳುತ್ತಿದ್ದಾನೆ ಅಂತ. ಹದಿನೈದು ದಿನ ಹಾಗೇ ನಂಬಿದಳು.

ಬಿರುಗಾಳಿಯಲ್ಲಿ ನೀರು ಕುಡಿದು ಸತ್ತಿತೆಂದು ಜಟ್ಟು ಬಿಟ್ಟುಹೋದ ಮೊಬೈಲು ಜೂನಿನಲ್ಲಿ ಒಂದು ಬೆಳಿಗ್ಗೆ ಮನೆಯ ಮಾಡದಲ್ಲಿ ಅವಳ ಕಣ್ಣಿಗೆ ಬಿತ್ತು. ಕೊಟ್ಟೆ ಬಿಚ್ಚಿ, ಚಾರ್ಜಿಗೆ ಹಾಕಿ, ಸುಮ್ಮನೆ ಒತ್ತಿ ನೋಡಿದಳು. ಎಲ್ಲಕ್ಕಿಂತ ಮೇಲಿದ್ದ ಸುದ್ದಿ ತೆರೆದುಕೊಂಡಿತು. ಅವಳದೇ ದನಿ.

"ನಮಸ್ಕಾರ. ಇವತ್ತು ಅಷ್ಟಮಿ. ನೀರು ಸಣ್ಣದು. ಪಡುವಣ ಗಾಳಿ, ಮೆಲ್ಲಗೆ. ಕಡಲು ಶಾಂತ. ಹೋಗಿ ಬನ್ನಿ."

ಒಳಗಿನಿಂದ ಮಾದೇವಿ, "ಯಾರ ಹತ್ರ ಮಾತಾಡ್ತಿದ್ದೆ?" ಅಂದಳು. ಮನಿಷಾ ಇನ್ನೊಮ್ಮೆ ಒತ್ತಿ ಕೇಳಿದಳು.

ಅದು ಬಿರುಗಾಳಿಯ ದಿನದ ಸುದ್ದಿಯಲ್ಲ, ಅದಕ್ಕೂ ಹದಿನೈದು ದಿನ ಹಿಂದಿನದು. ಕಡಲಿಗೆ ಹೋಗುವವರಿಗೆ ತಾರೀಕು ಬೇಕಿಲ್ಲ. "ನಿನ್ನ ಹನ್ನೆರಡು ಹದಿಮೂರು ಕಟ್ಟಿಕೊಂಡು ಎಂತ ಮಾಡೋದು, ತಿಥಿ ಹೇಳು, ನೀರು ಎಷ್ಟು ಅಂತ ತಿಳೀತದೆ," ಅಂತ ಅವರೇ ಹೇಳಿದ್ದರು. ಅವಳೂ ತಾರೀಕು ಬಿಟ್ಟು ತಿಥಿ ಹಿಡಿದಳು. ಶುಕ್ಲವೋ ಕೃಷ್ಣವೋ ಅಂತ ಯಾರೂ ಕೇಳಲಿಲ್ಲ, ಎರಡು ಪಕ್ಷದ ಅಷ್ಟಮಿಗೂ ನೀರು ಸಣ್ಣದೇ. ಜಟ್ಟು ಕಾರವಾರಕ್ಕೆ ಹೋಗುವ ಮುಂಚೆ ಧಕ್ಕೆಯಲ್ಲಿ ಪಡೆದ ಕೊನೆಯ ಸುದ್ದಿ ಒಂದು ಅಷ್ಟಮಿಯದು. ತಿರುಗಿ ಬಂದ ದಿನ ಇನ್ನೊಂದು ಅಷ್ಟಮಿ. ಕಿಸೆಯಲ್ಲಿ ಮೊಬೈಲು ನಡುಗಿತು, ಹೊಸ ಸುದ್ದಿ ಬಂತೆಂದುಕೊಂಡ. ಅಳಿವೆಯಲ್ಲಿ ತೆರೆದ. ಇವತ್ತು ಅಷ್ಟಮಿ ಅಂತ ಅವನ ವಯ್ನಿ, ಅತ್ತಿಗೆಯೇ ಹೇಳಿದಳು. ಹೋಗಿ ಬನ್ನಿ ಅಂತಲೂ ಅವಳೇ ಹೇಳಿದಳು. ಹೋದ.

ಹಾಗಾದರೆ ಆ ಹಸಿರು ಚುಕ್ಕೆ?

ಅವಳು ಆ ಮೊಬೈಲನ್ನೇ ತೆಗೆದುಕೊಂಡು ಧಕ್ಕೆಗೆ ಹೋದಳು. ಬಂದ್ ಇದ್ದ ಧಕ್ಕೆ, ಒಂದು ನರಪಿಳ್ಳೆ ಇಲ್ಲ. ಜಾಣನನ್ನು ಏಳಿಸಿ, ಸುದ್ದಿ ಹೊರಡುತ್ತಿದ್ದಂತೆ ಮೊಬೈಲು ಹಿಡಿದುಕೊಂಡು ಐಸ್ ಫ್ಯಾಕ್ಟರಿಯವರೆಗೆ ನಡೆದಳು. ಕೈಯಲ್ಲಿ ಮೊಬೈಲು ಒಮ್ಮೆ ನಡುಗಿ ಸುಮ್ಮನಾಯಿತು. ತಿರುಗಿ ಬಂದು ನೋಡಿದರೆ ಪರದೆಯ ಮೇಲೆ ಹಸಿರು ಚುಕ್ಕೆ. ಮೊಬೈಲಿನಲ್ಲಿ ಏನೂ ಇಲ್ಲ. ದೂರ ಹೋದ ಕೂಡಲೇ ಅರ್ಧಕ್ಕೆ ನಿಂತದ್ದನ್ನು ಮೊಬೈಲು ಬಿಸಾಡಿತ್ತು. ಹೊರಟದ್ದನ್ನೇ ಜಾಣ ತಲುಪಿತು ಅಂತ ಬರೆದುಕೊಂಡಿತ್ತು. ಏಳು ಸಲ ನಡೆದಳು. ಏಳು ಸಲವೂ ಹಸಿರು. ಎಂಟನೆಯ ಸಲ ನಡೆಯದೆ ಕಂಪ್ಯೂಟರಿನ ಮುಂದೆ ಕೂತಳು. ಆ ಪರದೆ ಅವಳನ್ನು ನೋಡಿ ಎಲ್ಲ ಸರಿಯಾಗಿದೆ ಅನ್ನುತ್ತಿರುವಂತೆ ಕಂಡಿತು. ಹಾಗೆ ಎಷ್ಟು ಜನರಿಗೆ ಅಂದಿದೆಯೋ, ಇನ್ನೆಷ್ಟು ಜನರಿಗೆ ಅನ್ನಲಿದೆಯೋ!

ಮನೆಗೆ ಬಂದು ಗಂಡನಿಗೆ ಹೇಳಿದಳು. ದೇವಿದಾಸ ಹಿತ್ತಿಲಲ್ಲಿ ಬಲೆ ಹೆಣೆಯುತ್ತಿದ್ದ. ಕೊನೆಯವರೆಗೆ ಕೇಳಿದ, ಕೈ ನಿಲ್ಲಿಸಲಿಲ್ಲ.

"ಈಗ ಎಂತ ಮಾಡ್ತೆ?"

"ರಾಜೀವಣ್ಣಗೆ ಬರೀಬೇಕು. ಅಧ್ಯಕ್ಷರಿಗೂ ಹೇಳಬೇಕು."

"ಹೇಳು. ಪಟ್ಟಿಗೆ ಸಹಿ ಹಾಕಿದ್ದು ನಾನು, ನೋಡದೆ ಹಾಕಿದೆ ಅನ್ನು. ಬೀರುವಿನ ಅಕ್ಕ ನಾಳೆ ಈ ಅಂಗಳದಲ್ಲಿ ಬಂದು ನಿಲ್ತಾಳೆ. ಜಟ್ಟುನ ನೋಡಿದ ಹಾಗೆ ನಿನ್ನ ನೋಡ್ತಾಳೆ. ತಡಕೊಳ್ತ್ಯಾ?"

"ಜಟ್ಟು ತಡಕೊಂಡಿಲ್ವಾ?"

"ಅವ ಗಂಡಸು. ನಾಲ್ಕು ತಿಂಗಳು ಸಿಟ್ಟು ಮಾಡ್ಕೊಂಡು ಇರ್ತಾನೆ, ದೀಪಾವಳಿಗೆ ಎಲ್ಲ ಮರೀತಾರೆ. ನಿನ್ನ ಕುರ್ಚಿ ಹೋದರೆ ಮತ್ತೆ ಬರೋದಿಲ್ಲ. ಸುಮ್ಮನಿರು ಮಾರಾಯ್ತಿ."

ಆ ಮಾತನ್ನು ಅವಳು ಹಿಡಿದುಕೊಂಡಳು. ಬಿಡುವುದಕ್ಕಿಂತ ಹಿಡಿದುಕೊಳ್ಳುವುದು ಸುಲಭವಾಗಿತ್ತು. ಕಾಗದವನ್ನು ಎಷ್ಟು ಸಲ ಶುರುಮಾಡಿದಳೋ! 'ಮಾನ್ಯರೇ' ಅಂತ ಬರೆದು, ಮುಂದೆ ಹೋಗಲಾರದೆ, ಅದೇ ಹಾಳೆಯ ಹಿಂದೆ ಕಿರಾಣಿಯ ಚೀಟಿ ಬರೆದಳು. ಜೂನು ಹೋಯಿತು, ಜುಲೈ ಹೋಯಿತು. ಕಡಲು ಮನೆಯವರೆಗೆ ಕೇಳುವಷ್ಟು ಮೊರೆಯುತ್ತಿತ್ತು. ಕಡಲು ಮುಚ್ಚಿರುವವರೆಗೆ ಯಾರಿಗೂ ಏನೂ ಆಗದು ಅಂತ ಅವಳೇ ಅವಳಿಗೆ ಹೇಳಿಕೊಂಡಳು. ಮುಚ್ಚಿದ್ದು ತೆರೆಯುವ ದಿನವನ್ನು ಮಾತ್ರ ಬೆರಳು ಮಡಚಿ ಎಣಿಸುತ್ತಲೇ ಇದ್ದಳು.

ಇಷ್ಟೆಲ್ಲ ಆದ ಮೇಲೆ ಬಂದದ್ದು ರಾಜೀವಣ್ಣನ ಈ ಫೋನು. ಮನಿಷಾ ತಿರುಗಿ ಬಂದು ಮೊರದ ಮುಂದೆ ಕೂತಳು. ಹೊತ್ತು ಏರುವಾಗ ಜಟ್ಟು ಬಂದ. ಕೈಯಲ್ಲೊಂದು ಚೀಲ. ಮೊದಲು ಬಂದರೆ ಅಂಗಳದಿಂದಲೇ ಅಜ್ಜಿ ಹೇಗಿದ್ದಾಳೆ, ಜಾಣ ಹೇಗಿದ್ದಾನೆ ಅಂತ ಕೂಗುತ್ತಿದ್ದವ, ಈಗ ಮೆಟ್ಟಿಲ ಮೇಲೆ ಸದ್ದಿಲ್ಲದೆ ಕೂತ.

"ಎಲ್ಲಿಗೋ ಚೀಲ?" ಅಂದಳು ಮಾದೇವಿ.

"ಮಲ್ಪೆಗೆ. ಅಲ್ಲೊಬ್ಬನ ದೋಣಿಗೆ ಜನ ಬೇಕಂತೆ. ಹಗ್ಗ ಎಳೀಲಿಕ್ಕೆ."

"ಹಗ್ಗ ಎಳೀಲಿಕ್ಕಾ? ನೀನು ತಾಂಡೇಲ ಅಲ್ದನಾ?"

"ಆಗಿದ್ದೆ." ಅವನು ಮೊರದಿಂದ ಒಂದು ಸಿಗಡಿ ಎತ್ತಿ ಸುಮ್ಮನೆ ತಿರುಗಿಸಿದ. "ವಯ್ನಿ, ಒಂದು ಮಾತು ಹೇಳ್ತೆ, ನಗಬೇಡ. ನಾನೂ ಈಗ ಯೋಚನೆ ಮಾಡಿದೆ. ಅವತ್ತು ನಾನು ಕೇಳಲೇ ಇಲ್ಲವೋ ಏನೋ. ಇಂಜಿನ್ನಿನ ಗದ್ದಲ. ನನಗೆ ಬೇಕಾದ್ದನ್ನ ನಾನೇ ಕೇಳಿಸಿಕೊಂಡೆನೋ ಏನೋ. ಅಷ್ಟು ಜನ ಹೇಳೋದು ಸುಳ್ಳಾ? ಬೀರುವಿನ ಕೈ ನಾನೇ ತಿಂದೆ."

"ಹಾಗಲ್ಲ," ಅಂದಳು ಮನಿಷಾ.

"ಇನ್ನೆಂತ? ಕಿವಿ ನಂಬಲಾರದವ ಗಾಳಿಗೆ ಹೇಗೆ ದೋಣಿ ಒಡ್ಡೋದು? ಅದಕ್ಕೇ ಹಗ್ಗ."

ಇಷ್ಟು ದಿನ ಅವನು ಸಿಟ್ಟಿನಲ್ಲಿದ್ದಾನೆ ಅಂತ ಗಂಡ ಹೆಂಡತಿ ಸಮಾಧಾನ ಮಾಡಿಕೊಂಡಿದ್ದರು. ಸಿಟ್ಟಾದರೂ ಇದ್ದಿದ್ದರೆ! ಮನಿಷಾ ಎದ್ದು ಒಳಗೆ ಹೋದಳು, ಅವನ ಮೊಬೈಲು ತಂದು ಮೆಟ್ಟಿಲ ಮೇಲೆ ಇಟ್ಟಳು, ಗುಂಡಿ ಒತ್ತಿದಳು. ಅದೇ ಅಷ್ಟಮಿಯ ಸುದ್ದಿ. 'ಹೋಗಿ ಬನ್ನಿ' ಅಂತ ಮೊಬೈಲು ಹೇಳಿದಾಗ ಜಟ್ಟು ತಲೆಯೆತ್ತಿದ.

"ಇದೇ," ಅಂದ. "ಇದೇ, ವಯ್ನಿ."

ಅವಳು ಎಲ್ಲ ಹೇಳಿದಳು. ಎರಡು ಅಷ್ಟಮಿ, ಏಳು ಸಲ ನಡೆದದ್ದು, ಜೂನಿನಿಂದ ತಿಳಿದಿದ್ದೂ ಗಂಡ ಹೆಂಡತಿ ಬಾಯಿ ಮುಚ್ಚಿಕೊಂಡಿದ್ದು. ಜಟ್ಟು ಕೈಯಲ್ಲಿದ್ದ ಸಿಗಡಿಯನ್ನು ಮೊರಕ್ಕೆ ತಿರುಗಿ ಹಾಕಿದ. ಆಮೇಲೆ, "ಜೂನಿನಿಂದ," ಅಂದ. ಅಷ್ಟೇ. ಚೀಲ ಎತ್ತಿಕೊಂಡು ಹೋದ. ಯಾವ ಕಡೆಗೆ ಹೋದ ಅಂತ ನೋಡುವ ಧೈರ್ಯ ಮನಿಷಾಳಿಗೆ ಆಗಲಿಲ್ಲ.

ಮಾದೇವಿ ಮೊರ ಸರಿಸಿದಳು. "ನನ್ನ ಮಗನ ಸುಳ್ಳುಗಾರ ಮಾಡಿದ್ರಿ, ಗಂಡ ಹೆಂಡತಿ ಸೇರಿ," ಅಂದಳು. ಜೋರಾಗಿ ಅನ್ನಲಿಲ್ಲ. "ಏಳು. ಕೂತು ಎಂತ ಮಾಡ್ತೆ?"

ಮನಿಷಾ ಅಲ್ಲಿಂದಲೇ ರಾಜೀವಣ್ಣನಿಗೆ ಫೋನು ಹಚ್ಚಿದಳು. ಎಲ್ಲ ಕೇಳಿ ಅವನು ಮೆಲ್ಲಗೆ, "ಅಯ್ಯೋ ಮಾರಾಯ್ತಿ," ಅಂದ. "ಸಿಡಿ ಮಾಡಬೇಕು ಅಂದೆನಲ್ಲ ಬೆಳಿಗ್ಗೆ, ಪೂರ್ತಿ ಹೇಳಲಿಲ್ಲ. ನಿನ್ನ ಕಾಗದ ಹೇಗೂ ಬರ್ತದೆ ಅಂತ ಐದು ಕಡೆ ಆಗಲೇ ಹಾಕಿಬಿಟ್ಟೆ. ಐದೂ ಕಡೆ ಜಾಣನೇ."

"ತೆಗೆದುಬಿಡಿ ರಾಜೀವಣ್ಣ, ಇವತ್ತೇ."

"ಬಾಯಿಮಾತಿಗೆ ಹಾಕಿ ಇಷ್ಟಾಯ್ತು, ಈಗ ಬಾಯಿಮಾತಿಗೆ ತೆಗೆದರೆ ಆ ಸಂಘದವರು ಬಾಗಿಲೊಳಗೆ ಬಿಡ್ತಾರಾ? ಅವರಿಗೆಲ್ಲ ಜಾಣ ಅಂದರೆ ಜೀವ. ನಾನು ನಾಳೆಯೇ ಹೊರಡ್ತೇನೆ, ಕಾಲಿಗೆ ಬಿದ್ದಾದರೂ ಕೇಳ್ತೇನೆ. ಅಜ್ಜಿಯನ್ನೇ ಡಿಫಾಲ್ಟ್ ಮಾಡ್ಬೇಕು ಅಂತ ಒಕ್ಕೂಟ ಹೇಳಬೇಕಾದರೆ ನಿನ್ನ ಕಾಗದ ಬೇಕು. ಏನಾಯ್ತೋ ಎಲ್ಲ ಬರಿ. ಹುಣ್ಣಿಮೆಗೆ ಮೂರೇ ದಿನ. ಆ ಐದರಲ್ಲಿ ಎರಡು ಊರವರು ಅದಕ್ಕೂ ಕಾಯೋದಿಲ್ಲ, ನಾಳೆ ದೋಣಿ ಇಳಿಸ್ತಾರಂತೆ."

ಕಚೇರಿಯ ಬೀಗ ತೆಗೆದು ಮನಿಷಾ ಮೇಜಿನ ಮುಂದೆ ಕೂತಳು. ಈ ಸಲ 'ಮಾನ್ಯರೇ' ಅಂತ ಬರೆದು ನಿಲ್ಲಲಿಲ್ಲ.

"ಬ್ಲೂಟೂತಿನಲ್ಲಿ ಕೇಳಿ ಕಳಿಸುವ ಸಾಫ್ಟ್‌ವೇರನ್ನೇ ಹದಿನಾಲ್ಕು ಸಂಘದಲ್ಲೂ ಡಿಫಾಲ್ಟ್ ಮಾಡಬೇಕು. ಅದರಿಂದ ಕೈಗೆ ಕೆಲಸ ಹೆಚ್ಚು, ದೋಣಿಯವರು ಬೈಯುತ್ತಾರೆ, ಬೈಯಲಿ. ಕೇಳದೆ ಕಳಿಸುವುದು ತಲುಪದ್ದನ್ನೂ ತಲುಪಿದೆ ಎನ್ನುತ್ತದೆ. ನಾನು ಏಳು ಸಲ ನೋಡಿದ್ದೇನೆ, ನೀವೂ ಮೊಬೈಲು ಹಿಡಿದು ನಡೆದು ನೋಡಿ. ಸುದ್ದಿಯಲ್ಲಿ ತಿಥಿಯ ಜೊತೆ ತಾರೀಕನ್ನೂ ಹೇಳಬೇಕು. ಮೇ ತಿಂಗಳಲ್ಲಿ ತಾಂಡೇಲ ಜಟ್ಟುವಿಗೆ ಬಿರುಗಾಳಿಯ ಸುದ್ದಿ ತಲುಪಿರಲಿಲ್ಲ. ಅವನು ಸಭೆಯಲ್ಲಿ ಹೇಳಿದ್ದು ನಿಜ. ತಲುಪಿದೆ ಎಂಬ ಪಟ್ಟಿಗೆ ನೋಡದೆ ಸಹಿ ಮಾಡಿದವಳು ನಾನು. ಇದು ಜೂನಿನಲ್ಲೇ ತಿಳಿದಿತ್ತು. ತಡಮಾಡಿದವಳೂ ನಾನೇ."

ಎರಡು ಪ್ರತಿ ಬರೆದಳು. ಸಂಘದ ಸಿಕ್ಕಾ ಅವಳ ಡ್ರಾಯರಿನಲ್ಲೇ ಇರುತ್ತಿತ್ತು. ಎರಡಕ್ಕೂ ಒತ್ತಿದಳು, ಇನ್ನೊಮ್ಮೆ ಒತ್ತುವ ದಿನ ಬರುತ್ತದೋ ಇಲ್ಲವೋ. ಒಂದು ಪ್ರತಿಯನ್ನು ಅಧ್ಯಕ್ಷರ ಮೇಜಿನ ಮೇಲೆ, ಕುರ್ಚಿ ಎಳೆದರೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿಟ್ಟಳು, ಇನ್ನೊಂದನ್ನು ಒಕ್ಕೂಟಕ್ಕೆಂದು ಲಕೋಟೆಗೆ ಹಾಕಿದಳು. ಹೊರಗೆ ಬಂದಾಗ ದೇವಿದಾಸ ಧಕ್ಕೆಯ ಮೇಲೆ ನಿಂತಿದ್ದ. ಅವಳ ಕೈಯಲ್ಲಿದ್ದ ಲಕೋಟೆ ನೋಡಿದ. ತಡೆಯಲಿಲ್ಲ, ಜೊತೆಗೂ ಬರಲಿಲ್ಲ. ಅವನ ಹಿಂದೆ ಕಡಲು ಬೂದಿಯ ಬಣ್ಣದಲ್ಲಿ ಉಬ್ಬುತ್ತಿತ್ತು. ಇಂಥ ನೀರಿಗೆ ಯಾರಾದರೂ ದೋಣಿ ಇಳಿಸುತ್ತಾರೆಯೇ? ಹೋಗಿ ಬನ್ನಿ ಅಂತ ಒಂದು ದನಿ ಹೇಳಿದರೆ ಇಳಿಸುತ್ತಾರೆ.

ಅಂಕೋಲೆಯ ಟಪಾಲು ಕಚೇರಿಯಲ್ಲಿ ಕಿಟಕಿ ಮುಚ್ಚಲು ಹತ್ತು ನಿಮಿಷ ಬಾಕಿ ಇತ್ತು. ಒಳಗಿದ್ದವನು ಲಕೋಟೆ ತೂಗಿದ.

"ಕಾರವಾರಕ್ಕಾ? ರಿಜಿಸ್ಟರು ಮಾಡೋದಾ?"

"ಹೌದು. ನಾಳೆ ಮುಟ್ತದಾ?"

"ನಾಳೆ ಹೇಳಲಿಕ್ಕಾಗೋದಿಲ್ಲ. ನಾಡಿದ್ದು ಮುಟ್ಟಬಹುದು."

"ಮುಟ್ಟಿದ್ದು ನನಗೆ ಹೇಗೆ ತಿಳಿಯೋದು?"

"ತಗೊಂಡವರು ಸಹಿ ಮಾಡಿದ ಕಾರ್ಡು ತಿರುಗಿ ಬರ್ತದೆ. ಬೇಕಾದರೆ ಕೆಂಪು ಕಾರ್ಡು ತುಂಬಿ."

ತುಂಬಿದಳು. ಅವನು ಲಕೋಟೆಯ ಮೇಲೆ ಎರಡು ಮೊಹರು ಹೊಡೆದು ಚೀಲಕ್ಕೆ ಎಸೆದ. ಚೀಲದ ಬಾಯಿ ಬಿಗಿದು ಅರಗು ಒತ್ತಿದರು. ಕೆಂಪು ವ್ಯಾನು ಅದನ್ನು ಹೊತ್ತುಕೊಂಡು ಕಾರವಾರದ ರಸ್ತೆಗೆ ತಿರುಗಿತು. ಗಾಳಿ ಏಳುತ್ತಿತ್ತು.